ಸ್ಕಾಟ್ಲೆಂಡ್ ಚರಿತ್ರೆಯ ದಾರಿಯಲ್ಲಿ ಕಾರು ಪ್ರವಾಸ: ದಂಪತಿಗಳಿಗೆ ಸಮಗ್ರ ಮಾರ್ಗದರ್ಶಿ

ಸ್ಕಾಟ್ಲೆಂಡ್‌ಗೆ ಹೋಗುವ ನಮ್ಮವರ ಪ್ರವಾಸದ ಪಟ್ಟಿ ಹೆಚ್ಚಾಗಿ ಒಂದೇ ತರಹ ಇರುತ್ತದೆ. ಲಂಡನ್ ಮುಗಿಸಿಕೊಂಡು ಎಡಿನ್‌ಬರೋದಲ್ಲಿ ಎರಡು ದಿನ, ಅದರಲ್ಲೇ ಒಂದು ದಿನ ಬಸ್ಸು ಹತ್ತಿ ಲಾಖ್ ನೆಸ್ ಸರೋವರ ನೋಡಿ ವಾಪಸ್. ಬೆಳಿಗ್ಗೆ ಹೊರಟ ಬಸ್ಸು ರಾತ್ರಿ ತಂದು ಇಳಿಸುತ್ತದೆ. ನಡುವೆ ಗ್ಲೆನ್‌ಕೋ ಕಣಿವೆಯಲ್ಲಿ ನಿಲ್ಲಿಸುವುದು ಫೋಟೊ ತೆಗೆಯುವಷ್ಟು ಹೊತ್ತು ಮಾತ್ರ. ಆ ಬೆಟ್ಟಗಳ ಬುಡದಲ್ಲಿ ಏನಾಯಿತು, ಯಾರು ಯಾರನ್ನು ಕೊಂದರು, ಅಷ್ಟು ದೊಡ್ಡ ಬಯಲಿನಲ್ಲಿ ಮನೆಗಳೇಕೆ ಇಲ್ಲ ಎಂದು ತಿಳಿಯುವ ಮೊದಲೇ ಬಸ್ಸು ಮುಂದಕ್ಕೆ ಹೋಗಿರುತ್ತದೆ.

ಗಂಡ ಹೆಂಡತಿ ಇಬ್ಬರೇ ಹೊರಡುವುದಾದರೆ ಕಾರು ಬಾಡಿಗೆಗೆ ಪಡೆದು ಹೋಗಿ ಎನ್ನುವುದು ನನ್ನ ಗಟ್ಟಿ ಸಲಹೆ. ಅಲ್ಲಿಯೂ ನಮ್ಮಂತೆ ಎಡಗಡೆಯ ಸಂಚಾರ, ಸ್ಟಿಯರಿಂಗ್ ಬಲಗಡೆ. ಯುರೋಪಿನ ಬೇರೆ ದೇಶಗಳಲ್ಲಿ ಆಗುವ ಗಲಿಬಿಲಿ ಇಲ್ಲಿ ಇಲ್ಲ. ಇನ್ನೊಂದು ಮಾತು: ಸುತ್ತನ್ನು ಪ್ರದಕ್ಷಿಣೆ ಹಾಕಿ. ಎಡಿನ್‌ಬರೋದಿಂದ ಪಶ್ಚಿಮಕ್ಕೆ ಸ್ಟರ್ಲಿಂಗ್, ವಾಯವ್ಯಕ್ಕೆ ಗ್ಲೆನ್‌ಕೋ, ಗ್ಲೆನ್‌ಫಿನ್ನನ್, ಸ್ಕೈ ದ್ವೀಪ, ಅಲ್ಲಿಂದ ಪೂರ್ವಕ್ಕೆ ಇನ್ವರ್ನೆಸ್, ಕೊನೆಗೆ ದಕ್ಷಿಣಕ್ಕೆ ಇಳಿದು ಪರ್ತ್ ಮೂಲಕ ಎಡಿನ್‌ಬರೋ. ಹೀಗೆ ಹೋದರೆ ಆ ನಾಡಿನ ಚರಿತ್ರೆ ಹೆಚ್ಚುಕಡಿಮೆ ನಡೆದ ಕ್ರಮದಲ್ಲೇ ಎದುರಾಗುತ್ತದೆ. ಸ್ಕಾಟ್ಲೆಂಡಿನ ರಾಣಿ ಮೇರಿ ಹುಟ್ಟಿದ 1542, ಗ್ಲೆನ್‌ಕೋ ಹತ್ಯಾಕಾಂಡದ 1692, ಸಿಂಹಾಸನ ಕಳೆದುಕೊಂಡಿದ್ದ ಸ್ಟುವರ್ಟ್ ಮನೆತನದ ರಾಜಕುಮಾರ ಚಾರ್ಲ್ಸ್ ಬಂಡಾಯದ ಬಾವುಟ ಏರಿಸಿದ 1745, ಅವನ ಪಡೆ ಸೋತು ಎಲ್ಲ ಮುಗಿದುಹೋದ ಕಲ್ಲೊಡನ್‌ನ 1746. ಒಂದು ಜಾಗದಲ್ಲಿ ಕೇಳಿದ ಹೆಸರು ಮುಂದಿನ ಜಾಗದಲ್ಲಿ ಮತ್ತೆ ಸಿಗುತ್ತದೆ. ಸುತ್ತನ್ನು ತಿರುಗಿಸಿ ಮೊದಲೇ ಕಲ್ಲೊಡನ್‌ಗೆ ಹೋದರೆ, ಹಿಂದಿನ ಕಥೆ ಗೊತ್ತಿಲ್ಲದವರ ಕಣ್ಣಿಗೆ ಅದು ಬರೀ ಹುಲ್ಲುಗಾವಲು.

ತಿಂಗಳು ಮತ್ತು ದಿನಗಳು

ನನ್ನ ಆಯ್ಕೆ ಮೇ ತಿಂಗಳು. ಪಶ್ಚಿಮದ ಬೆಟ್ಟಸೀಮೆಯಲ್ಲಿ ಮಳೆ ಕಡಿಮೆ ಇರುವ ಕಾಲ ಅದು. ಗಾರ್ಸ್ ಪೊದೆಗಳು ರಸ್ತೆಯ ಇಕ್ಕೆಲದಲ್ಲೂ ಹಳದಿ ಹೂ ಬಿಟ್ಟಿರುತ್ತವೆ, ಹೊಲಗಳಲ್ಲಿ ಕುರಿಮರಿಗಳು ಓಡಾಡುತ್ತಿರುತ್ತವೆ, ತಿಂಗಳ ಕೊನೆಗೆ ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ. ನಮ್ಮ ಬೇಸಿಗೆ ರಜೆಗೂ ಹೊಂದುತ್ತದೆ. ಜೂನ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಅಲ್ಲಿನ ಶಾಲೆಗಳಿಗೆ ರಜೆ. ಆಗಸ್ಟ್ ಪೂರ್ತಿ ಎಡಿನ್‌ಬರೋದಲ್ಲಿ ಫ್ರಿಂಜ್ ಎಂಬ ದೊಡ್ಡ ನಾಟಕ, ಕಲೆಗಳ ಉತ್ಸವ, ಕೋಣೆಗಳ ದರ ಕೈಗೆ ಎಟುಕುವುದಿಲ್ಲ. ಹೆದರ್ ಹೂವಿನ ನೇರಳೆ ಬೆಟ್ಟಗಳನ್ನೇ ನೋಡಬೇಕೆಂದರೆ ಮಾತ್ರ ಆಗಸ್ಟ್‌ನಲ್ಲಿ ಹೋಗಬೇಕು. ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರೂವರೆಗೇ ಸೂರ್ಯ ಮುಳುಗುತ್ತಾನೆ, ಹಳ್ಳಿಕಡೆಯ ಎಷ್ಟೋ ತಾಣಗಳು ಬಾಗಿಲು ಹಾಕಿರುತ್ತವೆ.

ಮಿಜ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕಚ್ಚುವ ನೊಣದ ಬಗ್ಗೆಯೂ ಹೇಳಲೇಬೇಕು. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮದಲ್ಲಿ ಇದರ ಕಾಟ. ಗಾಳಿಯಿಲ್ಲದ, ಮೋಡ ಕವಿದ ಮುಂಜಾನೆ ಮತ್ತು ಸಂಜೆಗಳಲ್ಲಿ ಗುಂಪುಗುಂಪಾಗಿ ಮುತ್ತುತ್ತದೆ. ಗಾಳಿ ಬೀಸಿದರೆ ಹಾರಲಾರದು. ಹಾಗಾಗಿ ಸಂಜೆ ತಿರುಗಾಟಕ್ಕೆ ಕಡಲ ಬದಿಯ, ಗಾಳಿಯಾಡುವ ಜಾಗ ಆರಿಸಿ. ಅಲ್ಲಿನ ಔಷಧದಂಗಡಿಯಲ್ಲೇ ಹಚ್ಚಿಕೊಳ್ಳುವ ಸ್ಪ್ರೇ ಮತ್ತು ತಲೆಗೆ ಹಾಕುವ ಬಲೆ ಸಿಗುತ್ತದೆ.

ದಿನಗಳ ಲೆಕ್ಕ ಹೀಗೆ: ಎಡಿನ್‌ಬರೋ 3 ರಾತ್ರಿ, ಸ್ಟರ್ಲಿಂಗ್ ಅಥವಾ ಕ್ಯಾಲಂಡರ್ 1, ಗ್ಲೆನ್‌ಕೋ ಸುತ್ತಮುತ್ತ 2, ಸ್ಕೈ 2, ಇನ್ವರ್ನೆಸ್ 2, ಡನ್‌ಕೆಲ್ಡ್ 1. ಒಟ್ಟು 11 ರಾತ್ರಿ. ಇಷ್ಟು ರಜೆ ಇಲ್ಲದಿದ್ದರೆ ಎಲ್ಲವನ್ನೂ ಅರ್ಧರ್ಧ ಮಾಡಬೇಡಿ, ಸ್ಕೈ ದ್ವೀಪವನ್ನೇ ಪೂರ್ತಿ ಕೈಬಿಡಿ. ಒಂದೇ ರಾತ್ರಿಗೆ ಸ್ಕೈಗೆ ಹೋಗಿಬರುವವರು ಹೆಚ್ಚಿನ ಹೊತ್ತನ್ನು ಕಾರಿನೊಳಗೇ ಕಳೆಯುತ್ತಾರೆ. ಉತ್ತರದ ಕರಾವಳಿಯನ್ನು ಸುತ್ತುವ ಪ್ರಸಿದ್ಧ 500 ಮೈಲಿಯ ದಾರಿಯನ್ನು ಇದೇ ಪ್ರವಾಸಕ್ಕೆ ಸೇರಿಸುವ ಆಸೆಯನ್ನೂ ಬಿಡಿ. ಅದಕ್ಕೆ ಬೇರೆಯೇ ಒಂದು ವಾರ ಬೇಕು.

ವೀಸಾ, ಲೈಸೆನ್ಸ್, ಕಾರು

ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಿಗುವ ಷೆಂಗೆನ್ ವೀಸಾ ಇಲ್ಲಿ ನಡೆಯುವುದಿಲ್ಲ. ಬ್ರಿಟನ್ನಿನ ಸ್ಟ್ಯಾಂಡರ್ಡ್ ವಿಸಿಟರ್ ವೀಸಾ ಬೇಕು. ಗಂಡ ಹೆಂಡತಿ ಬೇರೆ ಬೇರೆಯಾಗಿಯೇ ಅರ್ಜಿ ಹಾಕಬೇಕು. ಒಬ್ಬರೇ ಖರ್ಚು ಭರಿಸುವುದಾದರೆ ಅದನ್ನು ಇಬ್ಬರ ಅರ್ಜಿಯಲ್ಲೂ ಸ್ಪಷ್ಟವಾಗಿ ಬರೆದು ಮದುವೆ ನೋಂದಣಿ ಪತ್ರ, ಬ್ಯಾಂಕ್ ದಾಖಲೆ ಲಗತ್ತಿಸಿ. ಹೊರಡುವ ದಿನಕ್ಕೆ ಮೂರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಬೇಸಿಗೆಯ ನೂಕುನುಗ್ಗಲಿಗೆ ಮುಂಚೆಯೇ ಮುಗಿಸಿಕೊಳ್ಳಿ.

ನಮ್ಮ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ಪ್ರವಾಸಿಗರು ಬ್ರಿಟನ್ ಪ್ರವೇಶಿಸಿದ ದಿನದಿಂದ 12 ತಿಂಗಳವರೆಗೆ ಅಲ್ಲಿ ಸಾಮಾನ್ಯ ಕಾರು ಓಡಿಸಬಹುದು. ಆದರೂ ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಂಡು ಹೋಗಿ, ಕಾರು ಕೊಡುವವರು ಕೆಲವೊಮ್ಮೆ ಕೇಳುತ್ತಾರೆ. ಠೇವಣಿ ಹಿಡಿಯಲು ಮುಖ್ಯ ಚಾಲಕರ ಹೆಸರಿನದೇ ಕ್ರೆಡಿಟ್ ಕಾರ್ಡ್ ಬೇಕಾಗುತ್ತದೆ, ಡೆಬಿಟ್ ಕಾರ್ಡ್ ನೆಚ್ಚಿಕೊಳ್ಳಬೇಡಿ. ಕ್ಲಚ್ ಇಲ್ಲದ ಆಟೊಮ್ಯಾಟಿಕ್ ಬೇಕಿದ್ದರೆ ಬುಕ್ ಮಾಡುವಾಗಲೇ ಕೇಳಿ. ಸಣ್ಣ ಕಾರನ್ನೇ ಆರಿಸಿ. ಇಬ್ಬರಿಗೆ ಎರಡು ಸೂಟ್‌ಕೇಸ್ ಹಿಡಿಯುವ ಹ್ಯಾಚ್‌ಬ್ಯಾಕ್ ಸಾಕು, ದೊಡ್ಡ ಎಸ್‌ಯುವಿ ಕಿರುದಾರಿಗಳಲ್ಲಿ ಹೊರೆಯಾಗುತ್ತದೆ.

ಇಬ್ಬರಿಗೂ ಓಡಿಸಲು ಬರುವುದಾದರೆ ಎರಡನೆಯವರ ಹೆಸರನ್ನೂ ಹಣ ಕೊಟ್ಟು ಸೇರಿಸಿ. ಈ ಖರ್ಚಿನಲ್ಲಿ ಜಿಪುಣತನ ಬೇಡ. ಓಡಿಸುವವರ ಕಣ್ಣು ರಸ್ತೆಯ ಮೇಲಿರುವುದರಿಂದ ಅತ್ಯಂತ ಚೆಂದದ ನೋಟಗಳೆಲ್ಲ ಪಕ್ಕದಲ್ಲಿ ಕೂತವರ ಪಾಲಾಗುತ್ತವೆ. ದಿನಕ್ಕೊಬ್ಬರು ಬದಲಾದರೆ ಇಬ್ಬರಿಗೂ ಸಮಪಾಲು. ವಿಮೆಯಲ್ಲಿ ನಾವು ಕೈಯಿಂದ ಕಟ್ಟಬೇಕಾದ ಮೊತ್ತ ಎಷ್ಟು, ಟಯರು ಮತ್ತು ಗಾಜು ಅದರಲ್ಲಿ ಸೇರಿದೆಯೇ ಎಂದು ಸಹಿ ಹಾಕುವ ಮೊದಲು ಓದಿ. ಕಾರು ತೆಗೆದುಕೊಳ್ಳುವಾಗ ನಾಲ್ಕೂ ಕಡೆಯ ವಿಡಿಯೊ ಮಾಡಿಕೊಳ್ಳಿ.

ಟಿಕೆಟ್ ವಿಷಯದಲ್ಲಿ ಗೊಂದಲ ಬೇಡ

ಅಲ್ಲಿ ಚಾರಿತ್ರಿಕ ತಾಣಗಳನ್ನು ನೋಡಿಕೊಳ್ಳುವ ದೊಡ್ಡ ಸಂಸ್ಥೆಗಳು ಎರಡು. ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ಸ್ಕಾಟ್ಲೆಂಡ್ ಸರ್ಕಾರಿ ಸಂಸ್ಥೆ. ಎಡಿನ್‌ಬರೋ ಕೋಟೆ, ಲಿನ್‌ಲಿತ್‌ಗೋ, ಸ್ಟರ್ಲಿಂಗ್, ಡೌನ್, ಅರ್ಕರ್ಟ್, ಫೋರ್ಟ್ ಜಾರ್ಜ್ ಇವೆಲ್ಲ ಅದರವು. ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ ಬೇರೆಯದು. ಗ್ಲೆನ್‌ಕೋ, ಗ್ಲೆನ್‌ಫಿನ್ನನ್ ಸ್ಮಾರಕ, ಕಲ್ಲೊಡನ್ ಅದರ ಕೈಯಲ್ಲಿವೆ. ಒಂದರ ಪಾಸು ಇನ್ನೊಂದರಲ್ಲಿ ನಡೆಯದು. ಈ ಸುತ್ತಿನಲ್ಲಿ ಮೊದಲನೆಯದರ ಎಕ್ಸ್‌ಪ್ಲೋರರ್ ಪಾಸು ಕೊಂಡರೆ ಲಾಭ, ಎರಡನೆಯದಕ್ಕೆ ಬಿಡಿ ಟಿಕೆಟ್ ಸಾಕು. ಪಾಸು ಕೈಯಲ್ಲಿದ್ದರೂ ಎಡಿನ್‌ಬರೋ ಕೋಟೆಗೆ ಗಂಟೆ ಗೊತ್ತುಮಾಡಿಕೊಂಡೇ ಹೋಗಬೇಕು. ಐಲನ್ ಡೋನನ್, ಡನ್‌ವೇಗನ್ ಕೋಟೆಗಳು ಎರಡಕ್ಕೂ ಸೇರಿಲ್ಲ, ಅವುಗಳ ಟಿಕೆಟ್ ಪ್ರತ್ಯೇಕ.

ಮೊದಲ ಹೆಜ್ಜೆ: ಕಾರಿಲ್ಲದ ಎಡಿನ್‌ಬರೋ

ವಿಮಾನ ಇಳಿದ ಕೂಡಲೇ ಕಾರು ತೆಗೆದುಕೊಳ್ಳಬೇಡಿ. ಊರೊಳಗೆ ಪಾರ್ಕಿಂಗ್ ದುಬಾರಿ, ನೋಡುವ ಜಾಗಗಳೆಲ್ಲ ಕಾಲ್ನಡಿಗೆಯ ದೂರದಲ್ಲಿವೆ. ವಿಮಾನ ನಿಲ್ದಾಣದಿಂದ ಟ್ರಾಮ್ ನೇರ ಊರ ನಡುವಿಗೆ ಬರುತ್ತದೆ. ನಾಲ್ಕನೆಯ ದಿನ ಅದೇ ಟ್ರಾಮಿನಲ್ಲಿ ವಾಪಸ್ ಹೋಗಿ ನಿಲ್ದಾಣದಲ್ಲೇ ಕಾರು ಪಡೆದರೆ ನಗರದ ದಟ್ಟಣೆಗೆ ಸಿಕ್ಕದೆ ಹೆದ್ದಾರಿ ಸೇರಬಹುದು.

ಕೋಟೆಗೆ ಬೆಳಗಿನ ಮೊದಲ ಗಂಟೆಯಲ್ಲೇ ಹೋಗಿ. ಸಂತ ಮಾರ್ಗರೆಟ್‌ಳ ಪುಟ್ಟ ಪ್ರಾರ್ಥನಾ ಮಂದಿರ 12ನೆಯ ಶತಮಾನದ್ದು, ಊರಿನಲ್ಲಿ ಉಳಿದಿರುವ ಅತಿ ಹಳೆಯ ಕಟ್ಟಡ. ಮೇರಿ ರಾಣಿ 1566ರಲ್ಲಿ ಮಗನನ್ನು ಹೆತ್ತ ಕೋಣೆಯಲ್ಲಿ ತಪ್ಪದೆ ನಿಂತು ನೋಡಿ. ಮುಂದೆ ಸ್ಕಾಟ್ಲೆಂಡ್, ಇಂಗ್ಲೆಂಡ್ ಎರಡಕ್ಕೂ ರಾಜನಾದವನು ಹುಟ್ಟಿದ್ದು ಅಷ್ಟು ಇಕ್ಕಟ್ಟಿನ ಜಾಗದಲ್ಲಿ. ಭಾನುವಾರ ಬಿಟ್ಟು ಮಿಕ್ಕ ದಿನ ಮಧ್ಯಾಹ್ನ ಒಂದಕ್ಕೆ ತೋಪು ಹಾರಿಸುತ್ತಾರೆ. ಆಮೇಲೆ ರಾಯಲ್ ಮೈಲ್ ಇಳಿದು ಹಾಲಿರೂಡ್ ಅರಮನೆಗೆ ಹೋದರೆ, ಅದೇ ವರ್ಷ ಮಾರ್ಚ್‌ನಲ್ಲಿ ಬಸುರಿ ಮೇರಿಯ ಕಣ್ಣೆದುರೇ ಅವಳ ಕಾರ್ಯದರ್ಶಿ ರಿಜಿಯೊನನ್ನು ಎಳೆದೊಯ್ದು ಕೊಂದ ಜಾಗ ಕಾಣುತ್ತದೆ. ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಪ್ರವೇಶ ಉಚಿತ. ಮಳೆ ಬಂದ ದಿನಕ್ಕೆ ಅದನ್ನು ಕಾಯ್ದಿರಿಸಿ.

ಎರಡನೆಯ ಹೆಜ್ಜೆ: ಲಿನ್‌ಲಿತ್‌ಗೋ ಮತ್ತು ಸ್ಟರ್ಲಿಂಗ್

ಕಾರು ಕೈಗೆ ಬಂದ ಮೊದಲ ದಿನ 60 ಕಿಲೋಮೀಟರ್ ಮೀರಬೇಡಿ. ಎಂ9 ಹೆದ್ದಾರಿಯಲ್ಲಿ ಅರ್ಧ ದಾರಿಗೂ ಮೊದಲೇ ಸಿಗುವ ಲಿನ್‌ಲಿತ್‌ಗೋದಲ್ಲಿ ನಿಲ್ಲಿಸಿ. 1542ರ ಡಿಸೆಂಬರ್ 8ರಂದು ಮೇರಿ ಹುಟ್ಟಿದ್ದು ಇಲ್ಲಿ. ಕೆರೆಯ ದಂಡೆಯ ಈ ಅರಮನೆಗೆ ಈಗ ಸೂರಿಲ್ಲ. 1746ರಲ್ಲಿ ಜಾಕೊಬೈಟರ, ಅಂದರೆ ಸ್ಟುವರ್ಟ್ ಮನೆತನಕ್ಕೆ ಸಿಂಹಾಸನ ಮರಳಿಸಲು ಹೊರಟಿದ್ದ ಬಂಡುಕೋರರ, ಬೆನ್ನಟ್ಟಿ ಉತ್ತರಕ್ಕೆ ಹೊರಟಿದ್ದ ಸರ್ಕಾರಿ ಸೈನಿಕರು ತಂಗಿದ್ದಾಗ ಬೆಂಕಿಗೆ ಆಹುತಿಯಾಯಿತು. ಅದೇ ಸೈನ್ಯವನ್ನು ಕೆಲವು ದಿನ ಬಿಟ್ಟು ಕಲ್ಲೊಡನ್‌ನಲ್ಲಿ ಮತ್ತೆ ಕಾಣುತ್ತೀರಿ, ನೆನಪಿಟ್ಟುಕೊಳ್ಳಿ.

ಎಡಿನ್‌ಬರೋ ಮತ್ತು ಸ್ಟರ್ಲಿಂಗ್ ಕೋಟೆಗಳಲ್ಲಿ ಒಂದನ್ನೇ ನೋಡಲು ಸಾಧ್ಯ ಎಂದರೆ ನಾನು ಸ್ಟರ್ಲಿಂಗ್ ಅನ್ನುತ್ತೇನೆ. ಒಂಬತ್ತು ತಿಂಗಳ ಕೂಸಾಗಿದ್ದ ಮೇರಿಗೆ 1543ರಲ್ಲಿ ಕಿರೀಟ ತೊಡಿಸಿದ್ದು ಇಲ್ಲೇ. ಮಹಾಸಭಾಂಗಣದ ಹೊರಗೋಡೆಗೆ ಬಳಿದಿರುವ ತಿಳಿಹಳದಿ ಗಾರೆ ದೂರದಿಂದಲೇ ಬಿಸಿಲಿಗೆ ಹೊಳೆಯುತ್ತದೆ. ಕೋಟೆ ಎಂದರೆ ಕಪ್ಪುಕಲ್ಲು ಎಂದುಕೊಂಡು ಬಂದವರು ಬೆರಗಾಗುತ್ತಾರೆ. ಒಳಗೆ 1540ರ ಸುಮಾರಿನ ಓಕ್ ಮರದ ದುಂಡು ಹಲಗೆಗಳಲ್ಲಿ ಕೆತ್ತಿದ ಮುಖಗಳಿವೆ: ರಾಜರು, ರಾಣಿಯರು, ವಿದೂಷಕ. ಹತ್ತಿರ ಹೋಗಿ ನೋಡಿದರೆ ಉಳಿಯ ಗೀರು, ತೊಟ್ಟ ಬಟ್ಟೆಯ ನೆರಿಗೆ ಎಲ್ಲ ಕಾಣುತ್ತದೆ. ಅರಮನೆಯ ಕೋಣೆಯಲ್ಲಿ ಅವುಗಳ ಬಣ್ಣದ ಪ್ರತಿಗಳನ್ನು ಚಾವಣಿಗೆ ಕೂಡಿಸಿದ್ದಾರೆ. ಮೂಲವನ್ನೂ ಪ್ರತಿಯನ್ನೂ ಎರಡನ್ನೂ ನೋಡಿ. ಕೋಟೆಯ ಗೋಡೆ ಮೇಲಿಂದ ಫೋರ್ತ್ ನದಿಯ ತಿರುವುಗಳೂ ವಾಲೇಸ್ ಸ್ಮಾರಕವೂ ಕಾಣುತ್ತವೆ. ಇಂಗ್ಲೆಂಡಿನ ಸೈನ್ಯದ ವಿರುದ್ಧ 1297ರಲ್ಲಿ ವಾಲೇಸ್ ಗೆದ್ದ ಸೇತುವೆಯ ಕಾಳಗ, 1314ರಲ್ಲಿ ಸ್ಕಾಟ್ ರಾಜ ರಾಬರ್ಟ್ ಬ್ರೂಸ್ ಗೆದ್ದ ಬ್ಯಾನಕ್‌ಬರ್ನ್ ಎರಡೂ ಈ ಬೆಟ್ಟದ ಬುಡದಲ್ಲೇ ನಡೆದವು. ಉತ್ತರಕ್ಕೆ ಹೋಗುವ ದಾರಿಯ ಬೀಗದ ಕೈ ಈ ಊರಿನಲ್ಲಿತ್ತು, ಅದಕ್ಕೇ ಇಷ್ಟು ರಕ್ತ ಹರಿಯಿತು.

ಮೂರನೆಯ ಹೆಜ್ಜೆ: ಕ್ಯಾಲಂಡರ್ ದಾಟಿ ಗ್ಲೆನ್‌ಕೋಗೆ

ಎ84 ರಸ್ತೆಯಲ್ಲಿ ಡೌನ್ ಕೋಟೆ, ಆಮೇಲೆ ಕ್ಯಾಲಂಡರ್ ಎಂಬ ಪುಟ್ಟ ಊರು. ಊರು ದಾಟಿದೊಡನೆ ಎರಡೂ ಬದಿಯ ಬೆಟ್ಟಗಳು ಹತ್ತಿರ ಸರಿದು ಲೆನಿ ಕಣಿವೆ ಶುರುವಾಗುತ್ತದೆ. ಬೆಟ್ಟಸೀಮೆಯ ಬಾಗಿಲು ಇದು. ಕನ್ನಡಿಗರಿಗೆ ಇಲ್ಲಿ ನಿಲ್ಲಲು ಇನ್ನೊಂದು ಕಾರಣವಿದೆ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸುತ್ತಿ ನಮ್ಮ ಬೆಳೆ, ನೇಯ್ಗೆ, ಜಾತಿ, ಸಂತೆ ಎಲ್ಲವನ್ನೂ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ನಿವೃತ್ತಿಯ ಮೇಲೆ ಬಂದು ನೆಲೆಸಿದ್ದು ಇದೇ ಲೆನಿ ಎಸ್ಟೇಟಿನಲ್ಲಿ. ತೀರಿಕೊಂಡದ್ದು 1829ರಲ್ಲಿ. ನಮ್ಮ ಜಿಲ್ಲೆಗಳ ಚರಿತ್ರೆ ಬರೆಯುವವರು ಇಂದಿಗೂ ಅವನ ಪುಟಗಳನ್ನು ತಿರುವಿ ಹಾಕುತ್ತಾರೆ. ಲೆನಿ ಜಲಪಾತದ ಹತ್ತಿರ ಕಾರು ನಿಲ್ಲಿಸಿ ಸ್ವಲ್ಪ ಹೊತ್ತು ಕೂತುಕೊಳ್ಳಿ.

ಮುಂದೆ ಲಾಖ್ ಲುಬ್ನೇಗ್ ಸರೋವರದ ಪಕ್ಕದ ದಾರಿ, ಟಿಂಡ್ರಮ್‌ನಲ್ಲಿ ಪೆಟ್ರೋಲು ಮತ್ತು ಊಟ, ಎ82 ಸೇರಿದ ಮೇಲೆ ರ್‍ಯಾನಕ್ ಮೂರ್ ಎಂಬ ಜೌಗು ಬಯಲು. ಮರವೂ ಮನೆಯೂ ಕಾಣದ ಆ ಬಯಲು ಮುಗಿದು ರಸ್ತೆ ಇಳಿಯುವಲ್ಲಿ ಗ್ಲೆನ್‌ಕೋ ತೆರೆದುಕೊಳ್ಳುತ್ತದೆ.

ಇಲ್ಲಿನ ಕಥೆಯನ್ನು ಹಿಂದಿನ ರಾತ್ರಿಯೇ ಇಬ್ಬರೂ ಓದಿಕೊಂಡಿರಿ. ಸ್ಟುವರ್ಟ್ ರಾಜನನ್ನು ಇಳಿಸಿ ಪಟ್ಟಕ್ಕೆ ಬಂದಿದ್ದ ರಾಜ ವಿಲಿಯಮ್‌ಗೆ ನಿಷ್ಠೆಯ ಪ್ರಮಾಣ ಮಾಡಲು ಬೆಟ್ಟಸೀಮೆಯ ಕುಲಗಳ ಮುಖ್ಯಸ್ಥರಿಗೆಲ್ಲ 1692ರ ಜನವರಿ 1ರ ಗಡುವು ಕೊಡಲಾಗಿತ್ತು. ಗ್ಲೆನ್‌ಕೋದ ಮ್ಯಾಕ್‌ಡೊನಾಲ್ಡರ ಮುಖ್ಯಸ್ಥ ಮ್ಯಾಕಿಯನ್ ಡಿಸೆಂಬರ್ 31ರಂದು ಫೋರ್ಟ್ ವಿಲಿಯಮ್‌ಗೆ ಹೋದರೆ, ಪ್ರಮಾಣ ತೆಗೆದುಕೊಳ್ಳುವ ಅಧಿಕಾರ ಇಲ್ಲಿಲ್ಲ, ಇನ್‌ವರರಿಗೆ ಹೋಗು ಎಂದರು. ಹಿಮದಲ್ಲಿ ನಡೆದು ಅಲ್ಲಿ ತಲುಪಿ ಪ್ರಮಾಣ ಮಾಡುವಷ್ಟರಲ್ಲಿ ಜನವರಿ 6 ಆಗಿತ್ತು. ಗಡುವು ಮೀರಿದ್ದೇ ನೆಪವಾಯಿತು. ಫೆಬ್ರವರಿ ಮೊದಲ ವಾರ ಸುಮಾರು 120 ಸರ್ಕಾರಿ ಸೈನಿಕರು ಕಣಿವೆಗೆ ಬಂದು ಇಳಿದುಕೊಳ್ಳಲು ಜಾಗ ಕೇಳಿದರು. ಕುಲದವರು ತಮ್ಮ ಮನೆಗಳಲ್ಲೇ ಉಳಿಸಿಕೊಂಡು ಉಣ್ಣಲಿಕ್ಕಿದರು. ಹದಿಮೂರನೆಯ ತಾರೀಖು ನಸುಕಿನಲ್ಲಿ ಅದೇ ಅತಿಥಿಗಳು 38 ಮಂದಿಯನ್ನು ಕೊಂದರು. ತಪ್ಪಿಸಿಕೊಂಡು ಬೆಟ್ಟ ಹತ್ತಿದವರಲ್ಲಿ ಇನ್ನಷ್ಟು ಜನ ಚಳಿಗೆ ಸತ್ತರು. ಆ ನಾಡಿನಲ್ಲಿ ಕುಲಗಳ ನಡುವಿನ ಕೊಲೆ ಹೊಸದಲ್ಲ. ಉಂಡ ಮನೆಯವರನ್ನೇ ಕೊಂದದ್ದನ್ನು ಮಾತ್ರ ಜನ ಮರೆಯಲಿಲ್ಲ.

ಮೂರು ಸೋದರಿಯರು ಎಂದು ಕರೆಯುವ ಬೆಟ್ಟಗಳ ಎದುರಿನ ಪಾರ್ಕಿಂಗ್ ಜಾಗ ಬೆಳಿಗ್ಗೆ ಒಂಬತ್ತಕ್ಕೇ ತುಂಬುತ್ತದೆ. ಎಂಟಕ್ಕೆ ಮೊದಲು ಅಥವಾ ಸಂಜೆ ಆರರ ಮೇಲೆ ಹೋಗಿ. ಸಂದರ್ಶಕ ಕೇಂದ್ರದ ಬಳಿ 17ನೆಯ ಶತಮಾನದ ರೀತಿಯಲ್ಲಿ ಹುಲ್ಲುಮಣ್ಣಿನ ಹೆಂಟೆಗಳಿಂದ ಕಟ್ಟಿದ ಮನೆಯಿದೆ. ಒಳಗೆ ಹೊಕ್ಕು ಕಿಟಕಿಯಿಲ್ಲದ ಆ ಕತ್ತಲಲ್ಲಿ ನಿಂತರೆ, ಒಂದೇ ಸೂರಿನಡಿ ಅಪರಿಚಿತ ಸೈನಿಕರನ್ನು ಇಟ್ಟುಕೊಂಡದ್ದು ಎಂಥ ನಂಬಿಕೆ ಎಂದು ತಿಳಿಯುತ್ತದೆ.

ಓಡಿಸುವಾಗ ಗಮನಿಸಬೇಕಾದದ್ದು

ಇಲ್ಲಿಂದ ಮುಂದೆ ರಸ್ತೆಗಳು ಕಿರಿದಾಗುತ್ತವೆ. ಸ್ಪೀಡೋಮೀಟರ್ ಮೈಲಿಯಲ್ಲಿದೆ ಎಂಬುದನ್ನು ತಲೆಯಲ್ಲಿ ಕೂರಿಸಿಕೊಳ್ಳಿ. ಸಾದಾ ರಸ್ತೆಯ ಮಿತಿ 60 ಎಂದರೆ ಗಂಟೆಗೆ 96 ಕಿಲೋಮೀಟರ್. ಅದು ಮಿತಿಯಷ್ಟೇ, ತಿರುವಿನ ರಸ್ತೆಯಲ್ಲಿ 40 ಧಾರಾಳವಾಯಿತು. ಊರೊಳಗೆ 30, ಎಷ್ಟೋ ಕಡೆ 20. ವೃತ್ತಗಳಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಲೇಬೇಕು, ನುಗ್ಗುವ ಅಭ್ಯಾಸ ಅಲ್ಲಿ ಅಪಾಯಕಾರಿ. ಕುಡಿದು ಓಡಿಸುವವರ ಮೇಲಿನ ಮಿತಿ ಸ್ಕಾಟ್ಲೆಂಡ್‌ನಲ್ಲಿ ಇಂಗ್ಲೆಂಡ್‌ಗಿಂತ ಬಿಗಿ: 100 ಮಿಲಿ ರಕ್ತಕ್ಕೆ 50 ಮಿಲಿಗ್ರಾಂ. ವಿಸ್ಕಿ ಭಟ್ಟಿ ನೋಡಲು ಹೋದ ದಿನ ಚಾಲಕರು ರುಚಿ ನೋಡುವ ಹಾಗಿಲ್ಲ. ಚಾಲಕರ ಪಾಲನ್ನು ಪುಟ್ಟ ಬಾಟಲಿಯಲ್ಲಿ ಕೊಟ್ಟು ಕಳಿಸುವ ಪದ್ಧತಿ ಹಲವು ಕಡೆ ಇದೆ, ಕೇಳಿ.

ಸಿಂಗಲ್ ಟ್ರ್ಯಾಕ್ ರಸ್ತೆ ಎಂದರೆ ಒಂದೇ ಕಾರಿನ ಅಗಲ, ನಮ್ಮ ಮಲೆನಾಡಿನ ಎಸ್ಟೇಟ್ ದಾರಿಯ ಹಾಗೆ. ಅಲ್ಲಲ್ಲಿ ಪಕ್ಕಕ್ಕೆ ಸರಿಯಲು ಅಗಲ ಮಾಡಿ ಫಲಕ ಹಾಕಿರುತ್ತಾರೆ. ಎದುರಿಗೆ ವಾಹನ ಕಂಡರೆ ಯಾರಿಗೆ ಆ ಜಾಗ ಹತ್ತಿರವೋ ಅವರು ನಿಲ್ಲಬೇಕು. ಅದು ನಿಮ್ಮ ಎಡಕ್ಕಿದ್ದರೆ ಒಳಗೆ ಸರಿಯಿರಿ. ಬಲಕ್ಕಿದ್ದರೆ ದಾಟಿ ಹೋಗಬೇಡಿ, ಅದರ ಎದುರಲ್ಲೇ ರಸ್ತೆಯ ಮೇಲೆ ನಿಂತರೆ ಎದುರಿನವರು ಅದರೊಳಗೆ ಬಳಸಿ ಹೋಗುತ್ತಾರೆ. ಹೆಡ್‌ಲೈಟ್ ಮಿಟುಕಿಸುವುದನ್ನು ಇಲ್ಲಿ ತಪ್ಪು ತಿಳಿಯುವ ಸಂಭವ ಹೆಚ್ಚು. ನಮ್ಮಲ್ಲಿ ಅದು "ನಾನು ಬರುತ್ತಿದ್ದೇನೆ, ಸರಿ" ಎಂದಾದರೆ ಅಲ್ಲಿ ಬಹುತೇಕ "ನೀವು ಬನ್ನಿ, ನಾನು ನಿಂತಿದ್ದೇನೆ". ದಾಟುವಾಗ ಸ್ಟಿಯರಿಂಗ್‌ನಿಂದ ಒಂದು ಬೆರಳೆತ್ತಿ ವಂದನೆ ಹೇಳುತ್ತಾರೆ, ನೀವೂ ಎತ್ತಿ. ಹಿಂದೆ ಸ್ಥಳೀಯರ ಕಾರು ಬಂದರೆ ಪಕ್ಕಕ್ಕೆ ಸರಿದು ಮುಂದೆ ಬಿಡಿ. ಅವರು ಕೆಲಸಕ್ಕೆ ಹೋಗುತ್ತಿರುತ್ತಾರೆ. ಫೋಟೊಗಾಗಿ ಆ ಜಾಗಗಳಲ್ಲಿ ಕಾರು ನಿಲ್ಲಿಸುವುದು ಮಾತ್ರ ಖಂಡಿತ ಬೇಡ.

ಪೆಟ್ರೋಲನ್ನು ನಾವೇ ತುಂಬಿಕೊಳ್ಳಬೇಕು. ಹಸಿರು ಹಿಡಿಕೆ ಪೆಟ್ರೋಲು, ಕಪ್ಪು ಡೀಸೆಲ್. ಟ್ಯಾಂಕ್ ಅರ್ಧಕ್ಕಿಳಿದರೆ ಮುಂದಿನ ಬಂಕಿನಲ್ಲೇ ತುಂಬಿಸಿ. ನಕ್ಷೆಯನ್ನು ಫೋನಿಗೆ ಇಳಿಸಿಟ್ಟುಕೊಳ್ಳಿ, ಕಣಿವೆಗಳಲ್ಲಿ ಸಿಗ್ನಲ್ ಇರುವುದಿಲ್ಲ. ಮುಸ್ಸಂಜೆಯಲ್ಲಿ ಜಿಂಕೆ ಅಡ್ಡ ಬರುತ್ತದೆ, ಒಂದು ದಾಟಿದರೆ ಹಿಂದೆ ಇನ್ನೊಂದು ಇದೆ ಎಂದೇ ತಿಳಿಯಿರಿ.

ನಾಲ್ಕನೆಯ ಹೆಜ್ಜೆ: ಗ್ಲೆನ್‌ಫಿನ್ನನ್ ಮತ್ತು ಸ್ಕೈ

ಫೋರ್ಟ್ ವಿಲಿಯಮ್‌ನಿಂದ ಮಲೇಗ್‌ಗೆ ಸುಮಾರು 70 ಕಿಲೋಮೀಟರ್. ನಡುವೆ ಗ್ಲೆನ್‌ಫಿನ್ನನ್. ಬಹುತೇಕರು ಬರುವುದು 21 ಕಮಾನುಗಳ ರೈಲು ಸೇತುವೆಯ ಮೇಲೆ ಉಗಿಬಂಡಿ ಹೋಗುವುದನ್ನು ನೋಡಲು. ನೋಡಿ, ಚೆನ್ನಾಗಿದೆ. ಆದರೆ ಬೆನ್ನು ತಿರುಗಿಸಿದರೆ ಸರೋವರದ ತುದಿಯಲ್ಲಿ 1815ರಲ್ಲಿ ನಿಲ್ಲಿಸಿದ ಸ್ಮಾರಕ ಸ್ತಂಭವಿದೆ. ಚಾರ್ಲ್ಸ್ ಎಡ್ವರ್ಡ್ ಸ್ಟುವರ್ಟ್ 1745ರ ಆಗಸ್ಟ್ 19ರಂದು ತನ್ನ ತಂದೆಗೆ ಸೇರಬೇಕಾದ ಸಿಂಹಾಸನಕ್ಕಾಗಿ ಬಾವುಟ ಏರಿಸಿದ್ದು ಇಲ್ಲಿ. ಅಂದು ಸೇರಿದ ಕುಲದವರ ಮೊಮ್ಮಕ್ಕಳ ಕಾಲಕ್ಕೆ, ಕುರಿ ಸಾಕಣೆಗೆಂದು ಜಮೀನ್ದಾರರು ಜನರನ್ನು ಒಕ್ಕಲೆಬ್ಬಿಸಿ, ಈ ಕಣಿವೆಗಳು ಬರಿದಾಗತೊಡಗಿದ್ದವು.

ಮಲೇಗ್‌ನಿಂದ ಆರ್ಮಡೇಲ್‌ಗೆ ಕಾರು ಸಮೇತ ಹೋಗುವ ಫೆರಿಯನ್ನು ಮೊದಲೇ ಬುಕ್ ಮಾಡಿ. ಗಾಳಿ ಜೋರಾಗಿ ಫೆರಿ ರದ್ದಾದರೆ ಗಾಬರಿ ಬೇಡ. ಫೋರ್ಟ್ ವಿಲಿಯಮ್‌ಗೆ ಹಿಂತಿರುಗಿ ಎ87 ಹಿಡಿದು ಸ್ಕೈ ಸೇತುವೆಯಿಂದ ದ್ವೀಪ ಸೇರಬಹುದು. ಸೇತುವೆಗೆ 2004ರಿಂದ ಟೋಲ್ ಇಲ್ಲ. ಪೋರ್ಟ್ರಿಯ ಸುತ್ತಮುತ್ತ ಕೋಣೆಯನ್ನು ತಿಂಗಳುಗಟ್ಟಲೆ ಮುಂಚೆ ಹಿಡಿಯಬೇಕು.

ಸ್ಕೈನಲ್ಲಿ ನಾನು ಸೂಚಿಸುವ ದಿನ: ಏಳಕ್ಕೇ ಸ್ಟಾರ್ ಬೆಟ್ಟದ ಕಲ್ಲುಗಂಬದವರೆಗೆ ನಡಿಗೆ, ಕ್ವಿರಾಂಗ್‌ನ ಕುಸಿದ ಬೆಟ್ಟಸಾಲು, ಅಲ್ಲಿಂದ ಕಿಲ್‌ಮುಯರ್. ಅಲ್ಲಿ ಹುಲ್ಲುಹೊದಿಕೆಯ ಮನೆಗಳ ವಸ್ತುಸಂಗ್ರಹಾಲಯವಿದೆ. ಹತ್ತಿರದ ಸ್ಮಶಾನದಲ್ಲಿ ಫ್ಲೋರಾ ಮ್ಯಾಕ್‌ಡೊನಾಲ್ಡ್‌ಳ ಸಮಾಧಿ. ಸೋತು ಓಡುತ್ತಿದ್ದ ಚಾರ್ಲ್ಸ್‌ನಿಗೆ ದಾಸಿಯ ವೇಷ ಹಾಕಿಸಿ 1746ರ ಜೂನ್‌ನಲ್ಲಿ ದೋಣಿಯಲ್ಲಿ ಸ್ಕೈಗೆ ದಾಟಿಸಿದವಳು ಇವಳು. ನಮ್ಮ ಸುತ್ತಿನಲ್ಲಿ ಇಲ್ಲಿ ಕಾಲ ಹಿಂದುಮುಂದಾಗುತ್ತದೆ, ಅವನು ಸೋತ ಕಲ್ಲೊಡನ್ ಇನ್ನೂ ಮುಂದಿದೆ. ಮರುದಿನ ಮ್ಯಾಕ್‌ಲಿಯಡ್ ಕುಲದ ಡನ್‌ವೇಗನ್ ಕೋಟೆ, ಅಥವಾ ಪೋರ್ಟ್ರಿಯ ದಕ್ಷಿಣದ ಬ್ರೇಸ್ ಹಳ್ಳಿಗಳು. ಜಮೀನ್ದಾರ ಕಸಿದ ಗೋಮಾಳಕ್ಕಾಗಿ 1882ರಲ್ಲಿ ಅಲ್ಲಿನ ರೈತರು, ಅದರಲ್ಲೂ ಹೆಂಗಸರು, ಪೊಲೀಸರಿಗೆ ಎದುರು ನಿಂತರು. 1886ರಲ್ಲಿ ಗೇಣಿ ರೈತರಿಗೆ ಭೂಮಿಯ ಭದ್ರತೆ ಕೊಟ್ಟ ಕಾನೂನು ಬಂದದ್ದರ ಹಿಂದೆ ಈ ಹೋರಾಟವಿದೆ. ಪ್ರವಾಸಿಗರು ಅಷ್ಟಾಗಿ ಹೋಗದ ದಾರಿ ಅದು. ನನಗೆ ಕೋಟೆಗಿಂತ ಅದೇ ಮೇಲು.

ಊಟದ ಮಾತು

ಸಸ್ಯಾಹಾರಿಗಳು ಹೆದರಬೇಕಿಲ್ಲ. ಕುರಿಯ ಒಳಾಂಗಗಳಿಂದ ಮಾಡುವ ಹ್ಯಾಗಿಸ್ ಎಂಬ ಅಲ್ಲಿನ ತಿನಿಸಿಗೆ ಬೇಳೆ, ಓಟ್ಸ್, ಕಾಳುಗಳಿಂದ ಮಾಡಿದ ಸಸ್ಯಾಹಾರಿ ರೂಪ ಬಹಳ ಕಡೆ ಸಿಗುತ್ತದೆ, ಮೆಣಸಿನ ಖಾರ ನಮ್ಮ ನಾಲಿಗೆಗೂ ಹಿಡಿಸುತ್ತದೆ. ಬೇಳೆಯ ಸೂಪು ಸಾಮಾನ್ಯ, ಆದರೆ ಅದನ್ನು ಮಾಂಸದ ಸಾರಿನಲ್ಲಿ ಕುದಿಸಿದ್ದಾರೆಯೇ ಎಂದು ಕೇಳಿ. ಹಳ್ಳಿಗಳಲ್ಲಿ ರಾತ್ರಿ ಎಂಟು, ಎಂಟೂವರೆಗೆ ಅಡುಗೆಮನೆ ಮುಚ್ಚುತ್ತದೆ. ಹೊರಗೆ ಬೆಳಕಿದೆ ಎಂದು ತಡಮಾಡಿದರೆ ಉಪವಾಸ. ಗ್ಲೆನ್‌ಕೋ, ಸ್ಕೈಗಳಲ್ಲಿ ಅಡುಗೆಮನೆ ಇರುವ ಕಾಟೇಜ್ ಹಿಡಿದರೆ ಅನ್ನ ತಿಳಿಸಾರು ಮಾಡಿಕೊಳ್ಳಬಹುದು. ಸಾರಿನಪುಡಿ, ಚಟ್ನಿಪುಡಿ, ಅವಲಕ್ಕಿ ಒಯ್ಯಿರಿ. ಹಾಲಿನ ಪದಾರ್ಥ, ಮಾಂಸ ಒಳಗೆ ಬಿಡುವುದಿಲ್ಲ, ಹಾಗಾಗಿ ತುಪ್ಪ, ಪೇಡ ಬೇಡ. ಹಸಿ ಕರಿಬೇವೂ ಬೇಡ. ದಿನಸಿಯನ್ನು ಫೋರ್ಟ್ ವಿಲಿಯಮ್‌ನ ಸೂಪರ್‌ಮಾರ್ಕೆಟ್‌ನಲ್ಲಿ ತುಂಬಿಕೊಳ್ಳಿ.

ಐದನೆಯ ಹೆಜ್ಜೆ: ಕಲ್ಲೊಡನ್

ಸ್ಕೈ ಸೇತುವೆ ದಾಟಿದ ಮೇಲೆ ಐಲನ್ ಡೋನನ್. ಮೂರು ಕಡಲ ತೋಳುಗಳು ಕೂಡುವಲ್ಲಿ ನಿಂತ ಈ ಕೋಟೆಯ ಚಿತ್ರ ನೋಡದವರಿಲ್ಲ. 1719ರಲ್ಲಿ ಸರ್ಕಾರಿ ಹಡಗುಗಳು ಇದನ್ನು ಪುಡಿಮಾಡಿದ್ದವು. ಈಗಿರುವುದು 1912ರಿಂದ 1932ರವರೆಗೆ ಮತ್ತೆ ಕಟ್ಟಿದ್ದು. ಮುಂದೆ ಲಾಖ್ ನೆಸ್ ದಂಡೆಯ ಅರ್ಕರ್ಟ್ ಕೋಟೆಯನ್ನು, ಜಾಕೊಬೈಟರ ಕೈಗೆ ಸಿಗದಿರಲೆಂದು 1692ರಲ್ಲಿ ಸಿಡಿಸಿದ ಸ್ಥಿತಿಯಲ್ಲೇ ಉಳಿಸಿದ್ದಾರೆ. ಎರಡನ್ನೂ ಒಂದೇ ದಿನ ನೋಡುವುದು ಒಳ್ಳೆಯದು.

ಇನ್ವರ್ನೆಸ್‌ನಿಂದ ಕಲ್ಲೊಡನ್ ಎಂಟು ಕಿಲೋಮೀಟರ್. ಅರ್ಧ ದಿನ ಇಡಿ. ಮೊದಲು ಸಂದರ್ಶಕ ಕೇಂದ್ರ, ಆಮೇಲೆ ಬಯಲು. 1746ರ ಏಪ್ರಿಲ್ 16. ಹಿಂದಿನ ರಾತ್ರಿ ಶತ್ರು ಶಿಬಿರದ ಮೇಲೆ ದಾಳಿಗೆಂದು ನಡೆದು, ತಲುಪಲಾಗದೆ ಹಿಂತಿರುಗಿದ್ದ ಜಾಕೊಬೈಟರಿಗೆ ಹೊಟ್ಟೆಗೆ ಕೂಳಿರಲಿಲ್ಲ, ಕಣ್ಣಿಗೆ ನಿದ್ದೆಯಿರಲಿಲ್ಲ. ಎದುರುಗಾಳಿಯಲ್ಲಿ ಹಿಮಮಳೆ. ಕೆಸರು ನೆಲದಲ್ಲಿ ಕತ್ತಿ ಹಿಡಿದು ಓಡಿದವರ ಮೇಲೆ ತೋಪು ಸಿಡಿಯಿತು. ಒಂದು ಗಂಟೆಯೊಳಗೆ ಮುಗಿಯಿತು. ಜಾಕೊಬೈಟರ ಕಡೆ ಸುಮಾರು 1,500 ಜನ ಸತ್ತರೆ ಸರ್ಕಾರದ ಕಡೆ ಸುಮಾರು 50.

ಬಯಲಲ್ಲಿ ನೀಲಿ ಬಾವುಟಗಳು ಜಾಕೊಬೈಟರ ಸಾಲನ್ನು, ಕೆಂಪು ಬಾವುಟಗಳು ಸರ್ಕಾರಿ ಸಾಲನ್ನು ತೋರಿಸುತ್ತವೆ. ನೀಲಿಯಿಂದ ಕೆಂಪಿನವರೆಗೆ ನಡೆಯಿರಿ. ದೂರ ಬಹಳವಿಲ್ಲ, ಅದೇ ಎದೆ ಹಿಂಡುವುದು. ನಡುವೆ 1881ರಲ್ಲಿ ನೆಟ್ಟ ಒರಟು ಕಲ್ಲುಗಳು, ಒಂದೊಂದರ ಮೇಲೂ ಒಂದೊಂದು ಕುಲದ ಹೆಸರು. ಗುರುತು ಸಿಗದವರನ್ನು ಒಟ್ಟಿಗೆ ಹೂತ ಕಡೆ ಕಲ್ಲಿನ ಮೇಲೆ "ಬೆರಕೆ ಕುಲಗಳು" ಎಂದಷ್ಟೇ ಇದೆ. ಇದು ಇಂದಿಗೂ ಸಮಾಧಿಭೂಮಿ. ಆ ಮಣ್ಣುಗುಡ್ಡೆಗಳ ಮೇಲೆ ಹತ್ತಬೇಡಿ, ಸೆಲ್ಫಿಗೆ ಕಲ್ಲಿಗೊರಗಬೇಡಿ. ಹತ್ತಿರದ ಕ್ಲಾವಾದಲ್ಲಿ ಸುಮಾರು 4,000 ವರ್ಷ ಹಳೆಯ ಕಲ್ಲುಗೋರಿಗಳಿವೆ, ಪ್ರವೇಶ ಉಚಿತ.

ಕೊನೆಯ ಹೆಜ್ಜೆ: ದಕ್ಷಿಣಕ್ಕೆ ಇಳಿಯುವುದು

ಎ9 ರಸ್ತೆಯುದ್ದಕ್ಕೂ ಸರಾಸರಿ ವೇಗ ಅಳೆಯುವ ಕ್ಯಾಮೆರಾಗಳಿವೆ. ಕ್ಯಾಮೆರಾ ಕಂಡಾಗ ನಿಧಾನಿಸಿ ಆಮೇಲೆ ಓಡಿಸಿದರೂ ದಂಡ ತಪ್ಪದು. ಕಿಂಗ್ಯುಸಿ ಬಳಿ ದಿಬ್ಬದ ಮೇಲೆ ಸೂರಿಲ್ಲದ ರೂತ್‌ವೆನ್ ಸೈನಿಕ ವಸತಿ ಕಾಣುತ್ತದೆ. ಕಲ್ಲೊಡನ್‌ನಿಂದ ಉಳಿದುಬಂದವರು ಮತ್ತೆ ಹೋರಾಡಲೆಂದು ಇಲ್ಲಿ ಸೇರಿದಾಗ, ಅವರವರ ಜೀವ ಅವರವರು ಉಳಿಸಿಕೊಳ್ಳಲಿ ಎಂಬ ಸಂದೇಶ ರಾಜಕುಮಾರನಿಂದ ಬಂತು. ನಿಂತು ಹತ್ತು ನಿಮಿಷ ನೋಡಿ ಹೋಗಿ, ಟಿಕೆಟ್ ಇಲ್ಲ. ರಾತ್ರಿಗೆ ಟೇ ನದಿ ದಡದ ಡನ್‌ಕೆಲ್ಡ್. ಅರ್ಧ ಪಾಳು, ಅರ್ಧ ಪೂಜೆಯಲ್ಲಿರುವ ಕೆಥೆಡ್ರಲ್ ಮತ್ತು ನದಿದಂಡೆಯ ಮರಗಳು ದಣಿದವರಿಗೆ ಹೇಳಿಮಾಡಿಸಿದಂತಿವೆ.

ಪರ್ತ್ ಮ್ಯೂಸಿಯಂನಲ್ಲಿ ಸ್ಕಾಟ್ ರಾಜರ ಪಟ್ಟಾಭಿಷೇಕದ ಕಲ್ಲಿದೆ. 1296ರಲ್ಲಿ ಇಂಗ್ಲೆಂಡಿನ ದೊರೆ ಮೊದಲನೆಯ ಎಡ್ವರ್ಡ್ ಹೊತ್ತೊಯ್ದಿದ್ದ ಇದು ಸ್ಕಾಟ್ಲೆಂಡ್‌ಗೆ ಮರಳಿದ್ದು 1996ರಲ್ಲಿ. 2024ರವರೆಗೆ ಎಡಿನ್‌ಬರೋ ಕೋಟೆಯಲ್ಲಿತ್ತು, ಹಳೆಯ ಪ್ರವಾಸ ಪುಸ್ತಕಗಳು ಈಗಲೂ ಅಲ್ಲೇ ಇದೆ ಎನ್ನುತ್ತವೆ.

ಹೊತ್ತಿದ್ದರೆ ಪರ್ತ್‌ನಿಂದ ಕ್ರೀಫ್ ಕಡೆ ತಿರುಗಿ. ಕ್ರೀಫ್ ಮತ್ತು ಕಾಮ್ರಿ ನಡುವಿನ ಬೆಟ್ಟದ ತುದಿಯಲ್ಲಿ ಸರ್ ಡೇವಿಡ್ ಬೇರ್ಡ್‌ನ ಚೂಪುಗಂಬ ನಿಂತಿದೆ. 1780ರಲ್ಲಿ ಸೆರೆಸಿಕ್ಕು ಶ್ರೀರಂಗಪಟ್ಟಣದ ಬಂದೀಖಾನೆಯಲ್ಲಿ ಮೂರೂವರೆ ವರ್ಷ ಕಳೆದವನು, 1799ರ ಮೇ 4ರಂದು ಅದೇ ಊರಿನ ಕೋಟೆಯ ಮೇಲೆ ನುಗ್ಗಿದ ಪಡೆಯನ್ನು ಮುನ್ನಡೆಸಿದವನು ಇವನೇ. ಗಂಬ ಕಟ್ಟಿಸಿದವಳು ಅವನ ಹೆಂಡತಿ. ಟಿಪ್ಪುವಿನ ದೇಹವನ್ನು ಬೇರ್ಡ್ ಪತ್ತೆಹಚ್ಚುವ ದೊಡ್ಡ ಚಿತ್ರವನ್ನು ಡೇವಿಡ್ ವಿಲ್ಕಿಯಿಂದ ಬರೆಸಿದವಳೂ ಅವಳೇ. 1839ರ ಆ ಚಿತ್ರ ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ಯಾಲರಿಗಳ ಸಂಗ್ರಹದಲ್ಲಿದೆ. ಕಲ್ಲೊಡನ್‌ನಲ್ಲಿ ಸೋತ ಬೆಟ್ಟಸೀಮೆಯ ಕುಲಗಳ ಹುಡುಗರನ್ನೇ ಮುಂದಿನ ತಲೆಮಾರಿನಲ್ಲಿ ಕೆಂಪು ಕೋಟು ತೊಡಿಸಿ ಕಾವೇರಿ ದಡದವರೆಗೆ ಕಳಿಸಿದರು ಎಂಬುದನ್ನು ಇಲ್ಲಿ ನಿಂತು ಯೋಚಿಸಿದರೆ, ಆ ಚರಿತ್ರೆ ಅವರದು ಮಾತ್ರ ಎನಿಸುವುದಿಲ್ಲ.

ಎಡಿನ್‌ಬರೋಗೆ ಮರಳುವಾಗ ಎಂ90 ಹಿಡಿದು 2017ರಲ್ಲಿ ತೆರೆದ ಕ್ವೀನ್ಸ್‌ಫೆರಿ ಸೇತುವೆ ದಾಟಿ, ಟೋಲ್ ಇಲ್ಲ. ಪಕ್ಕದಲ್ಲೇ 1890ರ ಕೆಂಪು ರೈಲು ಸೇತುವೆ ಕಾಣುತ್ತದೆ. ಕಾರು ಒಪ್ಪಿಸುವ ಮೊದಲು ಟ್ಯಾಂಕ್ ತುಂಬಿಸಿ, ರಸೀದಿ ಇಟ್ಟುಕೊಳ್ಳಿ, ಮತ್ತೊಮ್ಮೆ ವಿಡಿಯೊ ಮಾಡಿ. ಸ್ಕಾಟಿಷ್ ಬ್ಯಾಂಕುಗಳು ಅಚ್ಚುಹಾಕಿದ ನೋಟುಗಳು ಕೈಯಲ್ಲಿ ಉಳಿದಿದ್ದರೆ ಅಲ್ಲೇ ಖರ್ಚು ಮಾಡಿ ಮುಗಿಸಿ. ಬೆಂಗಳೂರಿನಲ್ಲಿ ಅವನ್ನು ಬದಲಿಸಿಕೊಳ್ಳುವುದು ಕಷ್ಟ.